ಕಾರ್ಖಾನೆಯೂ ಅಮಲೂ

ಬೆಂಗಳೂರಿನ ಒಂದು ಯಂತ್ರೋಪಕರಣ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಲೇಬರ್ ಆಫೀಸರನಾಗಿ ದುಡಿದವನು ನಾನು. ಕೆಲಸಗಾರರ ಹಾಜರಿ, ರಜೆ, ಬಡ್ತಿ, ಜಗಳ ಎಲ್ಲವೂ ನನ್ನ ಮೇಜನ್ನು ಹಾದೇ ಮುಂದೆ ಹೋಗಬೇಕಾಗಿತ್ತು. ಹೆಬ್ಬಾಗಿಲ ಪಕ್ಕದಲ್ಲಿ ಗಾಜಿನ ಚೌಕಟ್ಟಿನೊಳಗೆ ಸ್ಟ್ಯಾಂಡಿಂಗ್ ಆರ್ಡರುಗಳನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ತೂಗುಹಾಕಿದ್ದೆವು. ಅದರ ದುರ್ನಡತೆಗಳ ಪಟ್ಟಿಯಲ್ಲಿ ಕುಡಿದು ಕೆಲಸಕ್ಕೆ ಬರುವುದೂ ಒಂದು. ಆ ಪಟ್ಟಿ ನನಗೆ ಬಾಯಿಪಾಠವಾಗಿತ್ತು.

1978ರಲ್ಲಿ ಒಬ್ಬ ಟರ್ನರನ ಮೇಲೆ ಆ ಕಲಮನ್ನು ಹಾಕಬೇಕಾಗಿ ಬಂತು. ಎರಡು ಸಲ ಎಚ್ಚರಿಕೆ ಕೊಟ್ಟಾಗಿತ್ತು. ಮೂರನೆಯ ಸಲ ಚಾರ್ಜ್ ಷೀಟು, ವಿಚಾರಣೆ, ವಜಾ. ಎಲ್ಲವೂ ಕ್ರಮದಂತೆಯೇ ನಡೆಯಿತು. ಆತ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋದ ದಿನ ಸಂಜೆ, ಪಕ್ಕದ ಲೇತಿನ ಕೆಲಸಗಾರ ನನ್ನ ಕೋಣೆಗೆ ಬಂದ. "ಮೂರು ವರ್ಷದಿಂದ ಅವನ ಕೆಲಸದಲ್ಲಿ ಅರ್ಧ ನಾನೇ ಮಾಡಿಕೊಡ್ತಿದ್ದೆ ಸಾರ್. ಬೆಳಿಗ್ಗೆ ಹೊತ್ತು ಅವನ ಕೈ ನಡುಗೋದು. ನಿಮಗೆ ಹೇಳಿದ್ರೆ ಅವನ ಅನ್ನ ಹೋಗುತ್ತೆ ಅಂತ ಬಾಯಿ ಮುಚ್ಚಿಕೊಂಡಿದ್ದೆ" ಎಂದು ಹೇಳಿ ಹೊರಟುಹೋದ.

ತಿರುಗುವ ಲೇತಿನ ಮುಂದೆ ಮೂರು ವರ್ಷ ಕಾಲ ನಡುಗುವ ಕೈಯೊಂದು ಕೆಲಸ ಮಾಡಿತ್ತು. ಇಡೀ ಷೆಡ್ಡಿಗೆ ಅದು ಗೊತ್ತಿತ್ತು. ಗೊತ್ತಿಲ್ಲದಿದ್ದವನು ನಿಯಮದ ರಕ್ಷಕನಾದ ನಾನೊಬ್ಬನೇ. ಈ ಮಾತು ನನ್ನನ್ನು ಬಹಳ ಕಾಲ ಕಾಡಿತು. ನಿವೃತ್ತನಾದ ಮೇಲೆ, ಬೇರೆಯವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡರು ಎಂದು ತಿಳಿಯುವ ಆಸೆಯಿಂದ ಒಂದಷ್ಟು ಓದಿದೆ. ಇದರ ಚರಿತ್ರೆಯ ಬಹುಭಾಗ ಅಮೆರಿಕದಲ್ಲಿ ನಡೆದದ್ದು. ಅಲ್ಲಿ ಇದಕ್ಕೆ "ಅಮಲುಮುಕ್ತ ಕೆಲಸದ ಸ್ಥಳ" ಎಂಬ ಹೆಸರೂ, ಆ ಹೆಸರಿನ ಕಾಯಿದೆಯೂ ಇದೆ. ಆದರೆ ಕಥೆ ಆ ಕಾಯಿದೆಗಿಂತ ಬಹಳ ಹಳೆಯದು.

ಮೊದಲಿಗೆ ಲಂಡನ್ನಿನ ಒಂದು ಅಚ್ಚುಕೂಟಕ್ಕೆ ಹೋಗೋಣ. ಮುಂದೆ ಅಮೆರಿಕದ ರಾಷ್ಟ್ರನಿರ್ಮಾಪಕರಲ್ಲಿ ಒಬ್ಬನೆನಿಸಿದ ಬೆಂಜಮಿನ್ ಫ್ರಾಂಕ್ಲಿನ್ 1725ರ ಸುಮಾರಿನಲ್ಲಿ, ಇನ್ನೂ ಇಪ್ಪತ್ತರ ಅಂಚಿನ ಹುಡುಗನಾಗಿದ್ದಾಗ, ವಾಟ್ಸ್ ಎಂಬುವನ ಅಚ್ಚುಕೂಟದಲ್ಲಿ ಕೂಲಿಗಿದ್ದ. ಅಲ್ಲಿದ್ದ ಕೆಲಸಗಾರರು ಸುಮಾರು ಐವತ್ತು ಮಂದಿ. ಎಲ್ಲರೂ ಬಿಯರಿನ ಭಕ್ತರು. ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ತನ್ನ ಜೊತೆಗಾರನ ದಿನಚರಿಯನ್ನು ಎಣಿಸಿಟ್ಟಿದ್ದಾನೆ. ತಿಂಡಿಗೆ ಮುಂಚೆ ಒಂದು ಪೈಂಟು, ತಿಂಡಿಯ ಜೊತೆಗೊಂದು, ತಿಂಡಿಗೂ ಊಟಕ್ಕೂ ನಡುವೆ ಒಂದು, ಊಟಕ್ಕೊಂದು, ಸಂಜೆ ಆರರ ಹೊತ್ತಿಗೊಂದು, ಕೆಲಸ ಮುಗಿದ ಮೇಲೆ ಮತ್ತೊಂದು: ಒಟ್ಟು ಆರು ಪೈಂಟು, ನಮ್ಮ ಲೆಕ್ಕದಲ್ಲಿ ಮೂರು ಲೀಟರಿಗೂ ಮೇಲೆ. ತಂದುಕೊಡಲು ಹೆಂಡದಂಗಡಿಯ ಹುಡುಗನೊಬ್ಬ ಸದಾ ಅಲ್ಲೇ ಹಾಜರಿರುತ್ತಿದ್ದ. ಬಲವಾದ ಕೆಲಸಕ್ಕೆ ಬಲವಾದ ಬಿಯರು ಬೇಕು ಎಂಬುದು ಅವರ ನಂಬಿಕೆ. ಬರಿಯ ನೀರು ಕುಡಿಯುವ ಫ್ರಾಂಕ್ಲಿನ್ ಕೈಗೊಂದರಂತೆ ಎರಡು ಅಚ್ಚಿನ ಚೌಕಟ್ಟುಗಳನ್ನು ಹೊತ್ತು ಮೆಟ್ಟಿಲು ಹತ್ತುತ್ತಿದ್ದ; ಬಿಯರಿನವರು ಒಂದೇ ಚೌಕಟ್ಟನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದರು.

ಮೊಳೆ ಜೋಡಿಸುವ ಕೋಣೆಗೆ ಅವನನ್ನು ಬದಲಾಯಿಸಿದಾಗ, ಹೊಸಬನ ಕಾಣಿಕೆಯೆಂದು ಕುಡಿತದ ನಿಧಿಗೆ ಐದು ಷಿಲಿಂಗ್ ಕೊಡು ಎಂದರು. ಆತ ಒಪ್ಪಲಿಲ್ಲ. ಎರಡು ಮೂರು ವಾರ ಅವನನ್ನು ಬಹಿಷ್ಕಾರ ಹಾಕಿದವನಂತೆ ಕಂಡರು. ಆತ ಎದ್ದು ಹೋದಾಗಲೆಲ್ಲ ಅವನ ಮೊಳೆಗಳು ಕಲಸಿಹೋಗುತ್ತಿದ್ದವು, ಪುಟಗಳು ಅದಲುಬದಲಾಗುತ್ತಿದ್ದವು; ಕೇಳಿದರೆ ಅಚ್ಚುಕೂಟದ ದೆವ್ವದ ಕೆಲಸ ಎನ್ನುತ್ತಿದ್ದರು. ಕೊನೆಗೆ ಜೊತೆಗಾರರೊಡನೆ ಮುನಿಸು ತರವಲ್ಲವೆಂದು ಹಣ ಕಟ್ಟಿದ. ಅವರ ಸ್ನೇಹ ಸಂಪಾದಿಸಿದ ಮೇಲೆ, ಒಂದು ಪೈಂಟು ಬಿಯರಿನ ಬೆಲೆಗೇ, ಅಂದರೆ ಒಂದೂವರೆ ಪೆನ್ನಿಗೆ, ಮೆಣಸು, ಬೆಣ್ಣೆ, ರೊಟ್ಟಿಯ ಚೂರು ಬೆರೆಸಿದ ಬಿಸಿ ಗಂಜಿ ನೆರೆಮನೆಯಿಂದ ತರಿಸಬಹುದೆಂದು ತೋರಿಸಿಕೊಟ್ಟ. ಬಹುಮಂದಿ ಬೆಳಗಿನ ಬಿಯರು ಬಿಟ್ಟು ಗಂಜಿಗೆ ಒಗ್ಗಿಕೊಂಡರು. ಬಿಡದೆ ಹೋದವರೂ ಇದ್ದರು. ಅವರ ಸಾಲಕ್ಕೆ ತಾನೇ ಜಾಮೀನು ನಿಂತು ಶನಿವಾರ ಬಟವಾಡೆಯ ಮೇಜಿನ ಬಳಿ ವಸೂಲು ಮಾಡಿಕೊಳ್ಳುತ್ತಿದ್ದೆ ಎಂದೂ ಅವನು ಬರೆದಿದ್ದಾನೆ. ಧಣಿಯ ಅಪ್ಪಣೆಯಿಲ್ಲದೆ ಒಂದು ಕೆಲಸದ ಮನೆಯ ಅಮಲು ಇಷ್ಟು ಇಳಿದದ್ದು ಜೊತೆಗಾರನೊಬ್ಬನಿಂದ. ಈ ಗಂಜಿಯ ಕಥೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆ ಕಾಲದ ಧಣಿಗಳಾದರೋ ಕುಡಿತವನ್ನು ತಡೆಯುವುದಿರಲಿ, ತಾವೇ ಹಂಚುತ್ತಿದ್ದರು. ಬ್ರಿಟಿಷ್ ನೌಕಾದಳದ ನಾವಿಕನಿಗೆ ರಮ್ಮಿನ ಪಡಿ ದಿನದ ಹಕ್ಕಾಗಿತ್ತು. ಅದಕ್ಕೆ ನೀರು ಬೆರೆಸಿ ಕೊಡಿರೆಂದು ಅಡ್ಮಿರಲ್ ವರ್ನನ್ 1740ರಲ್ಲಿ ಆಜ್ಞೆ ಮಾಡಿದ್ದೇ ದೊಡ್ಡ ಸುಧಾರಣೆ. ಆ ಪಡಿ ಪೂರ್ತಿ ನಿಂತದ್ದು 1970ರ ಜುಲೈ 31ರಂದು! ಅಮೆರಿಕದ ನೌಕಾದಳ 1862ರಲ್ಲೇ ಅದನ್ನು ನಿಲ್ಲಿಸಿತ್ತು. 1817ರಿಂದ 1825ರವರೆಗೆ ಈರಿ ಕಾಲುವೆಯನ್ನು ತೋಡಿದ ಕೂಲಿಯವರಿಗೂ ದಿನಗೂಲಿಯ ಜೊತೆಗೆ ವಿಸ್ಕಿ ಸಲ್ಲುತ್ತಿತ್ತು. ಗುದ್ದಲಿ ಹಿಡಿದವನು ತೂರಾಡಿದರೆ ಹೆಚ್ಚೆಂದರೆ ಅವನ ಕಾಲಿಗೆ ಪೆಟ್ಟು.

ಉಗಿಯಂತ್ರ ಬಂದ ಮೇಲೆ ಈ ಲೆಕ್ಕವೇ ಬದಲಾಯಿತು. ರೈಲು ನಡೆಸುವವನು ತೂರಾಡಿದರೆ ಅವನೊಬ್ಬನೇ ಬೀಳುವುದಿಲ್ಲ. ಹಿಂದಿನ ಗಾಡಿಗಳಲ್ಲಿ ಮಲಗಿರುವ ನೂರಾರು ಮಂದಿಯನ್ನೂ ಕೊಂಡೊಯ್ಯುತ್ತಾನೆ. ಆದುದರಿಂದ ಕಠಿಣವಾದ ನಿಯಮಗಳು ರೈಲ್ವೆಯಲ್ಲಿ ಹುಟ್ಟಿದ್ದು ಸಹಜ. ಅಮೆರಿಕದ ರೈಲ್ವೆ ಕಂಪನಿಗಳ ಸಂಘ 1899ರಲ್ಲಿ "ನಿಯಮ ಜಿ" ಎಂಬುದನ್ನು ತಂದಿತು. ಕೆಲಸದ ಮೇಲಿದ್ದಾಗ ಕುಡಿಯಕೂಡದು. ಕುಡಿತ ಚಾಳಿಯಾದವನಿಗೆ ಕೆಲಸವಿಲ್ಲ. ರೈಲ್ವೆಯ ಕೂಲಿಗಾರರೆಲ್ಲರಿಗೂ ಆ ಒಂದಕ್ಷರದ ಹೆಸರು ಎಂದರೆ ನಡುಕ. ನಮ್ಮ ಹೆಬ್ಬಾಗಿಲ ಗಾಜಿನ ಚೌಕಟ್ಟಿನಲ್ಲಿದ್ದ ಕಲಮು ಅದರದೇ ದೂರದ ನೆಂಟನಿರಬೇಕು ಎಂದು ನನಗೆ ತೋರುತ್ತದೆ.

ಹೆನ್ರಿ ಫೋರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1914ರ ಜನವರಿಯಲ್ಲಿ ಆತ ದಿನಕ್ಕೆ ಐದು ಡಾಲರ್ ಕೊಡುವುದಾಗಿ ಸಾರಿದಾಗ ಜಗತ್ತೇ ಬೆರಗಾಯಿತು. ಆದರೆ ಆ ಐದರಲ್ಲಿ ಹೆಚ್ಚು ಕಡಮೆ ಅರ್ಧ ಲಾಭದ ಪಾಲು. ಅದು ಸಿಕ್ಕುವುದು ಕುಡಿಯದೆ, ಮಿತವ್ಯಯದಿಂದ, ಮನೆಯನ್ನು ಚೊಕ್ಕಟವಾಗಿಟ್ಟುಕೊಂಡು ಬಾಳುವವನಿಗೆ ಮಾತ್ರ. ಇದನ್ನು ಪರೀಕ್ಷಿಸಲು ಫೋರ್ಡ್ ಒಂದು ಸಮಾಜಶಾಸ್ತ್ರ ವಿಭಾಗವನ್ನೇ ತೆರೆದ. ಅದರ ನೌಕರರು ಮನೆಮನೆಗೆ ಹೋಗಿ ಹೆಂಡತಿಯನ್ನೂ ನೆರೆಯವರನ್ನೂ ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಕೂಲಿ ಒಳ್ಳೆಯದಾದುದರಿಂದ ಜನ ಸಹಿಸಿದರು. ಆದರೆ ಅಡಿಗೆಮನೆಗೆ ಇಣುಕುವ ಧಣಿಯನ್ನು ಯಾರು ಬಹುಕಾಲ ಸಹಿಸಿಯಾರು? 1921ರ ಹೊತ್ತಿಗೆ ಆ ಏರ್ಪಾಡು ಮುಗಿಯಿತು. ಕೆಲಸಗಾರರ ಸ್ವಂತ ಬಾಳಿನಲ್ಲಿ ಕೈಹಾಕುವ ಕಾಲ ಹೋಯಿತೆಂದು ಮರುವರ್ಷ ಪ್ರಕಟವಾದ ಪುಸ್ತಕದಲ್ಲಿ ಫೋರ್ಡನೇ ಒಪ್ಪಿಕೊಂಡ.

ಹೀಗೆ ಗದರಿಸುವ ದಾರಿ, ಇಣುಕುವ ದಾರಿ ಎರಡೂ ಆದವು. ಮೂರನೆಯ ದಾರಿ ಹುಟ್ಟಿದ್ದು ಕುಡುಕರಿಂದಲೇ. 1935ರಲ್ಲಿ ಓಹಾಯೋ ರಾಜ್ಯದ ಆಕ್ರನ್ನಿನಲ್ಲಿ ಬಿಲ್ ವಿಲ್ಸನ್ ಎಂಬ ದಳ್ಳಾಳಿಯೂ ಬಾಬ್ ಸ್ಮಿತ್ ಎಂಬ ವೈದ್ಯನೂ ಒಬ್ಬರಿಗೊಬ್ಬರು ಆಸರೆಯಾಗಿ ಕುಡಿತ ಬಿಟ್ಟು, ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟಕ್ಕೆ ಕಾರಣರಾದರು. 1940ರ ದಶಕದಲ್ಲಿ ಡ್ಯೂಪಾಂಟ್, ಈಸ್ಟ್‌ಮನ್ ಕೊಡಾಕ್ ಮೊದಲಾದ ಕಂಪನಿಗಳು ಈ ಕೂಟದ ನೆರವು ಪಡೆದು, ಕುಡಿತಕ್ಕೆ ಬಿದ್ದ ಕೆಲಸಗಾರನನ್ನು ಹೊರಹಾಕುವ ಬದಲು ಸರಿಪಡಿಸಿ ಉಳಿಸಿಕೊಳ್ಳುವ ಯತ್ನಕ್ಕೆ ತೊಡಗಿದವು. ಇದು ಬರಿಯ ದಯೆಯಲ್ಲ. ಹತ್ತಾರು ವರ್ಷ ಕೈ ಪಳಗಿದ ಕುಶಲಿಯೊಬ್ಬನನ್ನು ಕಳೆದುಕೊಂಡು ಹೊಸಬನನ್ನು ತಯಾರು ಮಾಡುವುದಕ್ಕೆ ತಗಲುವ ವೆಚ್ಚವನ್ನು ಅವರು ಬಲ್ಲರು. ಕುಡಿತದ ಚಟ ಒಂದು ರೋಗವೆಂದು ಅಮೆರಿಕದ ವೈದ್ಯಸಂಘ 1956ರಲ್ಲಿ ಹೇಳಿತು. ಹೆರಲ್ಡ್ ಹ್ಯೂಸ್ ಎಂಬ ಸೆನೆಟರ್, ತಾನೇ ಹಿಂದೆ ಕುಡಿತದಲ್ಲಿ ಮುಳುಗಿ ಎದ್ದುಬಂದವನು, 1970ರಲ್ಲಿ ಒಂದು ಕಾಯಿದೆಯನ್ನು ಮಾಡಿಸಿದ. ಸರ್ಕಾರಿ ನೌಕರರಿಗೆ ಚಿಕಿತ್ಸೆಯ ಏರ್ಪಾಡು ಅದರಿಂದ ಬಂತು.

ಈ ಪಂಥದವರು ಮೇಸ್ತ್ರಿಗೆ ಕಲಿಸಿಕೊಟ್ಟ ಪಾಠ ಬಲು ಸರಳ. ಮೇಸ್ತ್ರಿ ವೈದ್ಯನಾಗಬಾರದು, ಪತ್ತೇದಾರನೂ ಆಗಬಾರದು. ಬಾಯಿ ಮೂಸಿ ನೋಡುವುದು ಅವನ ಕೆಲಸವಲ್ಲ. ಸೋಮವಾರಗಳ ಗೈರುಹಾಜರಿ, ತಡವಾಗಿ ಬರುವುದು, ಕೆಟ್ಟ ಮಾಲು, ಸಣ್ಣಪುಟ್ಟ ಅಪಘಾತ, ಇವನ್ನು ತಾರೀಖಿನ ಸಹಿತ ಬರೆದಿಟ್ಟುಕೊಂಡು ಎದುರಿಗೆ ಇಟ್ಟು ಮಾತನಾಡಿಸಬೇಕು. ಕೆಲಸ ಕೆಟ್ಟಿದೆ, ಸರಿಪಡಿಸಿಕೋ. ನೆರವು ಬೇಕಾದರೆ ಇಲ್ಲಿದೆ. ಇಷ್ಟೆ. 1978ರಲ್ಲಿ ನನ್ನ ಮುಂದಿದ್ದ ಹಾಜರಿ ಪುಸ್ತಕದಲ್ಲಿ ಆ ಟರ್ನರನ ಸೋಮವಾರಗಳು ಕೆಂಪು ಶಾಯಿಯಲ್ಲಿ ಇದ್ದವು. ಸಂಬಳ ಕತ್ತರಿಸಲು ಮಾತ್ರ ನಾನು ಅವನ್ನು ಓದಿದ್ದೆ.

ಇಷ್ಟು ಹೊತ್ತಿಗೆ ಕುಡಿತದ ಜೊತೆಗೆ ಬೇರೆ ಅಮಲುಗಳೂ ಸೇರಿಕೊಂಡವು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಹೆರಾಯಿನ್ನಿಗೆ ಬಿದ್ದ ಸುದ್ದಿ ಹಬ್ಬಿ, 1971ರಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಕಟ್ಟಳೆ ಮಾಡಿದ: ಮೂತ್ರಪರೀಕ್ಷೆಯಲ್ಲಿ ಶುದ್ಧನೆನಿಸಿದವನು ಮಾತ್ರ ಊರಿನ ವಿಮಾನ ಹತ್ತಬಹುದು. 1981ರ ಮೇ 26ರ ರಾತ್ರಿ ನಿಮಿಟ್ಜ್ ಎಂಬ ವಿಮಾನವಾಹಕ ಹಡಗಿನ ಮೇಲೆ ಯುದ್ಧವಿಮಾನವೊಂದು ಅಪ್ಪಳಿಸಿ 14 ಮಂದಿ ಸತ್ತರು. ಸತ್ತ ಹಡಗಿನವರಲ್ಲಿ ಕೆಲವರ ದೇಹದಲ್ಲಿ ಗಾಂಜಾದ ಕುರುಹು ಸಿಕ್ಕಿತು. ಅಪಘಾತಕ್ಕೆ ಅದೇ ಕಾರಣವೆಂದು ಸಿದ್ಧವಾಗದಿದ್ದರೂ, ನೌಕಾದಳ ಎಲ್ಲರಿಗೂ ಪರೀಕ್ಷೆಯನ್ನು ಬಿಗಿಮಾಡಿತು. 1986ರ ಸೆಪ್ಟೆಂಬರ್ 15ರಂದು ಅಧ್ಯಕ್ಷ ರೇಗನ್ ಸರ್ಕಾರದ ಕಚೇರಿಗಳೆಲ್ಲ ಅಮಲುಮುಕ್ತವಾಗಬೇಕೆಂದು ಆಜ್ಞೆ ಹೊರಡಿಸಿದ.

ಮುಂದಿನ ದುರಂತಕ್ಕೆ ನಾಲ್ಕು ತಿಂಗಳೂ ಹಿಡಿಯಲಿಲ್ಲ. 1987ರ ಜನವರಿ 4, ಭಾನುವಾರ. ವಾಷಿಂಗ್ಟನ್ನಿನಿಂದ ಬಾಸ್ಟನ್ನಿಗೆ ಹೊರಟ ಪ್ರಯಾಣಿಕರ ರೈಲು ಮೇರಿಲ್ಯಾಂಡಿನ ಚೇಸ್ ಎಂಬ ಊರಿನ ಬಳಿ ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿ ಬರುತ್ತಿತ್ತು. ಕಾನ್‌ರೇಲ್ ಕಂಪನಿಯ ಮೂರು ಎಂಜಿನ್ನುಗಳ ಜೋಡಿಯೊಂದು, ನಿಲ್ಲೆನ್ನುವ ಕೈಕಂಬವನ್ನು ದಾಟಿ ಅದರ ಹಳಿಗೇ ಬಂದು ನಿಂತಿತು. 16 ಮಂದಿ ಸತ್ತರು. ಎಂಜಿನ್ ನಡೆಸುತ್ತಿದ್ದವನೂ ಅವನ ಜೊತೆಗಾರನೂ ಗಾಂಜಾ ಸೇದಿದ್ದರೆಂದು ಪರೀಕ್ಷೆಯಿಂದ ತಿಳಿಯಿತು, ನಡೆಸಿದವನಿಗೆ ಸೆರೆಮನೆಯಾಯಿತು. ಇನ್ನೊಂದು ಸಂಗತಿಯೂ ಹೊರಬಿತ್ತು. ಎಚ್ಚರಿಕೆ ಕೊಡಲೆಂದು ಎಂಜಿನ್ನಿನ ಕೋಣೆಯಲ್ಲಿ ಒಂದು ಸಿಳ್ಳೆ ಇರುತ್ತದೆ. ಅದರ ಸದ್ದು ಕೇಳದಂತೆ ಯಾರೋ ಅದಕ್ಕೆ ಅಂಟುಪಟ್ಟಿ ಸುತ್ತಿದ್ದರು.

ಇದನ್ನು ಓದಿದಾಗ ನನಗೆ ಪಕ್ಕದ ಲೇತಿನ ಕೆಲಸಗಾರನ ನೆನಪಾಯಿತು. ಎಂಬತ್ತು ವರ್ಷಗಳಿಂದ ನಿಯಮ ಜಿ ಗೋಡೆಯ ಮೇಲೆ ಇದ್ದೇ ಇತ್ತು. ಆದರೆ ಕುಡಿದವನನ್ನು ಮೊದಲು ಕಾಣುವವನು ಅಧಿಕಾರಿಯಲ್ಲ, ಜೊತೆಗಾರ. ಹೇಳಿದರೆ ಗೆಳೆಯನ ಅನ್ನ ಹೋಗುತ್ತದೆ, ಹೇಳಿದವನು ಚಾಡಿಕೋರನಾಗುತ್ತಾನೆ. ಆದ್ದರಿಂದ ಅವನು ಹೇಳುವುದಿಲ್ಲ. ಶಿಕ್ಷೆಯೊಂದನ್ನೇ ಬಲ್ಲ ನಿಯಮ ಜೊತೆಗಾರರ ಬಾಯಿಗೆ ಪಟ್ಟಿ ಸುತ್ತುತ್ತದೆ.

ಇದನ್ನು ರೈಲ್ವೆಯವರು ಮನಗಾಣದೆ ಇರಲಿಲ್ಲ. 1980ರ ದಶಕದಲ್ಲಿ ಕಾರ್ಮಿಕ ಸಂಘಗಳೂ ಕಂಪನಿಗಳೂ ಕೂಡಿ ನಿಯಮ ಜಿಗೆ ಒಂದು ಪಕ್ಕದಾರಿಯನ್ನು ಮಾಡಿಕೊಂಡಿದ್ದವು. ಜೊತೆಗಾರ ತಿಳಿಸಿದರೆ, ಕುಡಿದು ಬಂದವನನ್ನು ಕೆಲಸದಿಂದ ಪಕ್ಕಕ್ಕೆ ಸರಿಸಿ ಚಿಕಿತ್ಸೆಗೆ ಕಳಿಸುವುದು. ಆತ ಒಪ್ಪಿ ನಡೆದರೆ ಮೊದಲ ತಪ್ಪಿಗೆ ಕೆಲಸ ಹೋಗುವುದಿಲ್ಲ. 1985ರಲ್ಲಿ ಸರ್ಕಾರ ಮಾಡಿದ ರೈಲ್ವೆ ನಿಯಮಗಳು ಒಂದು ಕಡೆ ಅಪಘಾತದ ನಂತರದ ಪರೀಕ್ಷೆಯನ್ನು ಕಡ್ಡಾಯ ಮಾಡಿದುವು. ಮತ್ತೊಂದು ಕಡೆ, ತಾನಾಗಿ ಬಂದು ಒಪ್ಪಿಕೊಳ್ಳುವವನಿಗೂ ಜೊತೆಗಾರರು ಕರೆತಂದವನಿಗೂ ಈ ಬಗೆಯ ರಕ್ಷಣೆಯನ್ನೂ ಸೇರಿಸಿದುವು. ಚೇಸ್ ದುರಂತ ಆ ನಿಯಮಗಳು ಇರುವಾಗಲೇ ಆಯಿತು ಎಂಬುದನ್ನು ಮರೆಯುವಂತಿಲ್ಲ. ಕಾಗದದ ಮೇಲೆ ಬರೆದದ್ದು ಕೆಲಸಗಾರರ ಮನಸ್ಸಿಗೆ ಇಳಿಯಲು ಕಾಲ ಬೇಕು. ದಿನದಿನವೂ ಅದನ್ನು ನಡೆಸಿಕೊಂಡು ಬರುವ ಜನವೂ ಬೇಕು.

ಅಮಲುಮುಕ್ತ ಕೆಲಸದ ಸ್ಥಳದ ಕಾಯಿದೆಗೆ 1988ರ ನವೆಂಬರ್ 18ರಂದು ಅಂಕಿತ ಬಿತ್ತು. ಸರ್ಕಾರದಿಂದ 25,000 ಡಾಲರ್ ಅಥವಾ ಅದಕ್ಕೆ ಮೇಲ್ಪಟ್ಟ ಗುತ್ತಿಗೆ ಹಿಡಿದವರಿಗೂ ಅನುದಾನ ಪಡೆದವರಿಗೂ ಅದು ಅನ್ವಯಿಸಿತು. ಗುತ್ತಿಗೆಯ ಆ ಮಿತಿಯನ್ನು ಮುಂದೆ ಏರಿಸಿದರು. ಧಣಿ ತನ್ನ ನೀತಿಯನ್ನು ಬರೆದು ಪ್ರತಿಯೊಬ್ಬನ ಕೈಗೂ ಕೊಡಬೇಕು. ಅಮಲಿನ ಅಪಾಯವನ್ನೂ, ನೆರವು ಎಲ್ಲಿ ದೊರಕುತ್ತದೆಂಬುದನ್ನೂ ತಿಳಿಸಬೇಕು. ಕೆಲಸದ ಸ್ಥಳದಲ್ಲಿ ಮಾಡಿದ ಮಾದಕವಸ್ತುವಿನ ಅಪರಾಧಕ್ಕೆ ಶಿಕ್ಷೆಯಾದ ಕೆಲಸಗಾರ 5 ದಿನದೊಳಗೆ ಧಣಿಗೆ ತಿಳಿಸಬೇಕು. ಧಣಿ 10 ದಿನದೊಳಗೆ ಸರ್ಕಾರಕ್ಕೆ ತಿಳಿಸಿ, 30 ದಿನದೊಳಗೆ ಅವನನ್ನು ದಂಡಿಸಬೇಕು ಇಲ್ಲವೆ ಚಿಕಿತ್ಸೆಗೆ ಸೇರಿಸಬೇಕು. ವಿಚಿತ್ರವೆಂದರೆ, ಈ ಕಾಯಿದೆ ಮೂತ್ರಪರೀಕ್ಷೆಯನ್ನು ಎಲ್ಲೂ ಕೇಳುವುದಿಲ್ಲ! ಆದರೂ ಹೊರಗಿನ ಜನಕ್ಕೆ ಇಡೀ ಕಾರ್ಯಕ್ರಮವೆಂದರೆ ಒಂದು ಪ್ಲಾಸ್ಟಿಕ್ ಬಟ್ಟಲು ಎಂದೇ ಭಾವನೆ.

ಆ ಬಟ್ಟಲಿನ ನ್ಯಾಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1989ರ ಮಾರ್ಚ್ 21ರಂದು ಎರಡು ತೀರ್ಪು ಒಟ್ಟಿಗೆ ಹೊರಬಿದ್ದುವು. ರೈಲ್ವೆಯವರ ಪರೀಕ್ಷೆಯನ್ನು ನ್ಯಾಯಾಧೀಶರಲ್ಲಿ 7 ಮಂದಿ ಎತ್ತಿಹಿಡಿದರು, 2 ಮಂದಿ ವಿರೋಧಿಸಿದರು. ಸುಂಕದ ಇಲಾಖೆಯ ನೌಕರರ ಪರೀಕ್ಷೆಗೆ ದೊರೆತದ್ದು 5ಕ್ಕೆ 4ರ ಬಹುಮತ. ಆ ಇಲಾಖೆಯಲ್ಲಿ 3,600 ಮಂದಿಯನ್ನು ಪರೀಕ್ಷಿಸಿದಾಗ ಸಿಕ್ಕಿಬಿದ್ದವರು ಐದಕ್ಕಿಂತ ಹೆಚ್ಚಿರಲಿಲ್ಲ. ಐದು ಮಂದಿಗಾಗಿ ಉಳಿದವರೆಲ್ಲರ ಮಾನವನ್ನು ಬಟ್ಟಲಿಗಿಡಬೇಕೆ ಎಂಬ ಪ್ರಶ್ನೆ ಅಲ್ಲಿ ಎದ್ದಿತು; ಇಂದೂ ಅದು ತಣ್ಣಗಾಗಿಲ್ಲ.

ಪರೀಕ್ಷೆಗೂ ಅದರದೇ ಆದ ಮಿತಿಗಳಿವೆ. ಉಸಿರಿನ ಪರೀಕ್ಷೆ ಮದ್ಯದ ಈಗಿನ ಅಮಲನ್ನು ಹೇಳುತ್ತದೆ. ಗಾಂಜಾದ ಮೂತ್ರಪರೀಕ್ಷೆ ಎಷ್ಟೋ ದಿನಗಳ ಹಿಂದೆ ಸೇದಿದ್ದನ್ನು ಹೇಳುತ್ತದೆಯೇ ಹೊರತು, ಈಗ ಕೈ ಸ್ಥಿರವಾಗಿದೆಯೆ ಎಂಬುದನ್ನು ಹೇಳುವುದಿಲ್ಲ. ನಮ್ಮವರಿಗೆ ಸ್ವಾರಸ್ಯವೆನಿಸುವ ಇನ್ನೊಂದು ತೊಡಕು ಗಸಗಸೆ. ಅಫೀಮಿನ ಗಿಡದ ಬೀಜವಾದ ಅದನ್ನು ಯಥೇಚ್ಛವಾಗಿ ತಿಂದವನ ಮೂತ್ರದಲ್ಲಿ ಮಾರ್ಫೀನಿನ ಅಂಶ ಕಾಣಬಹುದು. ಹಬ್ಬದ ಗಸಗಸೆ ಪಾಯಸ ಉಂಡು ಹೋದ ಗೃಹಸ್ಥ ಅಪರಾಧಿಯಾದರೆ ಹೇಗೆ? ಇಂಥ ಅನ್ಯಾಯ ತಪ್ಪಿಸಲು ಅಮೆರಿಕದವರು 1998ರಲ್ಲಿ ಅಫೀಮಿನ ಬಗೆಯ ವಸ್ತುಗಳ ಮಿತಿಯನ್ನು 300 ನ್ಯಾನೊಗ್ರಾಮಿನಿಂದ 2,000ಕ್ಕೆ ಏರಿಸಿದರು. ಮೊದಲ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮಾದರಿಯನ್ನು ಇನ್ನೂ ಸೂಕ್ಷ್ಮವಾದ ಎರಡನೆಯ ವಿಧಾನದಿಂದ ನೋಡಬೇಕು. ಫಲಿತಾಂಶ ಧಣಿಗೆ ಮುಟ್ಟುವ ಮೊದಲು ವೈದ್ಯನೊಬ್ಬ ಆ ಕೆಲಸಗಾರನ ಮಾತನ್ನು ಕೇಳಬೇಕು. ಕ್ಯಾಲಿಫೋರ್ನಿಯದವರು 2024ರಿಂದ, ಕೆಲವು ಕಸುಬುಗಳನ್ನು ಬಿಟ್ಟು, ಹೊತ್ತು ಮುಗಿದ ಮೇಲೆ ಸೇದಿದ ಗಾಂಜಾದ ಹಳೆಯ ಕುರುಹನ್ನೇ ಹಿಡಿದು ಕೆಲಸದಿಂದ ತೆಗೆಯಕೂಡದೆಂದೂ ವಿಧಿಸಿದ್ದಾರೆ.

ಇಷ್ಟೆಲ್ಲ ಏಳುಬೀಳುಗಳ ನಂತರ ಅಲ್ಲಿ ಗಟ್ಟಿಯಾಗಿ ನಿಂತ ಏರ್ಪಾಡಿಗೆ ಐದು ಕಂಬಗಳು: ಬರೆದಿಟ್ಟ ನೀತಿ, ಮೇಸ್ತ್ರಿಗಳ ತರಬೇತು, ಕೆಲಸಗಾರರಿಗೆ ತಿಳಿವಳಿಕೆ, ಗುಟ್ಟಾಗಿ ದೊರೆಯುವ ನೆರವು, ಪರೀಕ್ಷೆ. ಐದನೆಯದನ್ನು ಹಣ ಕೊಟ್ಟು ಕೊಳ್ಳಬಹುದು. ಉಳಿದ ನಾಲ್ಕನ್ನು ವರ್ಷವರ್ಷವೂ ನೀರೆರೆದು ಬೆಳೆಸಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಪ್ರಕಟಿಸಿದ ಸಂಹಿತೆಯೂ ಇದನ್ನೇ ಹೇಳುತ್ತದೆ: ಅಮಲಿನ ತೊಡಕನ್ನು ಆರೋಗ್ಯದ ತೊಡಕೆಂದು ಕಾಣಿರಿ, ಧಣಿಗಳೂ ಕೆಲಸಗಾರರೂ ಕೂಡಿಯೇ ನೀತಿಯನ್ನು ರೂಪಿಸಿರಿ, ಗುಟ್ಟನ್ನು ಕಾಪಾಡಿರಿ. ನಮ್ಮ ದೇಶದಲ್ಲೂ ರೈಲಿನ ಲೋಕೋಪೈಲಟ್ಟಿಗೆ, ವಿಮಾನದ ಪೈಲಟ್ಟಿಗೆ ಉಸಿರಿನ ಪರೀಕ್ಷೆಯಿದೆ. 2022ರಿಂದ ವಿಮಾನಯಾನದ ನೌಕರರಿಗೆ ಮಾದಕವಸ್ತುಗಳ ಪರೀಕ್ಷೆಯೂ ಬಂದಿದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನಗಳಿಗೆಂದೇ ಚಿಕಿತ್ಸಾ ವಿಭಾಗವಿದೆ. ಸಣ್ಣ ಕಾರ್ಖಾನೆಯ ಧಣಿ ಮಾತ್ರ ಇನ್ನೂ ಬಹಳ ಕಡೆ ಒಂದೇ ಕಲಮಿನ ಮೇಲೆ ನಿಂತಿದ್ದಾನೆ.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಯೂನಿಯನ್ನಿನವರೂ ನಾವೂ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಸಿಕ್ಕಿಬೀಳುವ ಮೊದಲೇ ತಾನಾಗಿ ಬಂದು ಹೇಳಿದವನಿಗೆ ವೈದ್ಯಕೀಯ ರಜೆ. ಮರಳಿ ಬಂದಾಗ ಅವನ ಯಂತ್ರ ಅವನಿಗೇ. ಅದನ್ನೂ ಗಾಜಿನ ಚೌಕಟ್ಟಿನಲ್ಲಿ ಹಾಕಿಸಿದೆವು. ನಾಲ್ಕು ತಿಂಗಳು ಯಾರೂ ಬರಲಿಲ್ಲ. ಆಡಳಿತದವರು ನನ್ನನ್ನು ನೋಡಿ ನಕ್ಕರು. ಅವರ ನಗುವಿಗೆ ನಾನು ಉತ್ತರ ಕೊಡುವಂತಿರಲಿಲ್ಲ. ಇಪ್ಪತ್ತೈದು ವರ್ಷ ಹೆದರಿಸಿದವನನ್ನು ನಾಲ್ಕು ತಿಂಗಳಲ್ಲಿ ಯಾರು ನಂಬುತ್ತಾರೆ?

ಐದನೆಯ ತಿಂಗಳಲ್ಲಿ, ಬೆಳಗಿನ ಪಾಳಿ ಶುರುವಾಗುವ ಮುಂಚೆ, ಇಬ್ಬರು ಕೆಲಸಗಾರರು ನನ್ನ ಕೋಣೆಯ ಮುಂದೆ ಬಂದು ನಿಂತರು. ಒಬ್ಬ ತಲೆ ತಗ್ಗಿಸಿದ್ದ. ಮತ್ತೊಬ್ಬ ಅವನ ತೋಳು ಹಿಡಿದುಕೊಂಡಿದ್ದ. ತೋಳು ಹಿಡಿದವನೇ ಮೊದಲು ಮಾತಾಡಿದ: "ಸಾರ್, ಇವನಿಗೆ ನಿಮ್ಮ ಹತ್ತಿರ ಒಂದು ಮಾತು ಹೇಳೋದಿದೆಯಂತೆ. ಬಾಗಿಲು ಹಾಕಿಕೊಳ್ಳಲೆ?"